ಆರಿಹೋದ ಬೆಂಕಿಯ ಕಡೆಗೆ

ನಮ್ಮೂರಿನ ಅವೆರೋ ಅಜ್ಜಿ ನನಗೆ ‘ವ್ರೆಂಡೊ’ ಅನ್ನುವುದನ್ನು ಬಿಟ್ಟದ್ದು ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ. ನಮ್ಮ ಉರೋಬೊ ಜನರಲ್ಲಿ ಬೆಳಗ್ಗೆ ಹಿರಿಯರನ್ನು ಕಂಡರೆ ಮಂಡಿಯೂರಿ ‘ಮಿಗ್ವೊ’ ಅನ್ನಬೇಕು. ಅವರು ‘ವ್ರೆಂಡೊ’, ಅಂದರೆ ಏಳು, ಅಂದ ಮೇಲೆಯೇ ಏಳಬೇಕು. ಇದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ಮುಖ ತೊಳೆದಷ್ಟೇ ಸಹಜ. ಆದರೆ ಆ ದಿನ ನಾನು ಮಂಡಿಯೂರಿಯೇ ಇದ್ದೆ, ಅಜ್ಜಿ ಮರಗೆಣಸಿನ ಸಿಪ್ಪೆ ಹೆರೆಯುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ‘ಮಿಗ್ವೊ ಅಜ್ಜಿ’ ಅಂದೆ. ಅವಳು ಸಿಪ್ಪೆಗೆ ಬಾಯಿ ಹಾಕಿದ ಮೇಕೆಯನ್ನು ಗದರಿಸಿದಳು. ಮೇಕೆಗೆ ಸಿಕ್ಕ ಮಾತೂ ನನಗೆ ಸಿಗಲಿಲ್ಲ. ಕೊನೆಗೆ ನಾನೇ ಎದ್ದು, ಮಂಡಿಯ ಮಣ್ಣು ಕೊಡವಿಕೊಂಡು ಬಂದೆ. ಏಳು ಅನ್ನಿಸಿಕೊಳ್ಳದೆ ಎದ್ದು ಬರುವುದು ಎಂಥ ಅವಮಾನ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಇಬ್ಬರು ಸೊಸೆಯಂದಿರು ನೋಡಿದ್ದರು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು.

ನಾನು ಮಾಡಿದ ಪಾಪ ಇಷ್ಟೇ. ಊರ ಸಭೆಯಲ್ಲಿ ಎದ್ದು ನಿಂತು, ‘ಬೆಂಕಿ ಆರಿಸಲಿ ಬಿಡಿ’ ಅಂದಿದ್ದೆ.

ಆ ಬೆಂಕಿಗೆ ಅಜ್ಜಿಯ ಸಂಸಾರದಷ್ಟೇ ವಯಸ್ಸು. ಅವಳು ಮದುವೆಯಾಗಿ ನಮ್ಮೂರು ಎಕುರೆಗೆ ಬಂದ ವರ್ಷವೇ ಕಂಪನಿಯವರು ಊರ ಬಡಗಣ ಅಂಚಿನಲ್ಲಿ ಎಣ್ಣೆ ತೆಗೆದರು. ಎಣ್ಣೆ ಪೈಪಿನಲ್ಲಿ ಹಡಗಿಗೆ ಹೋಯಿತು. ಅದರ ಜೊತೆ ಮೇಲೆ ಬಂದ ಗ್ಯಾಸು ಯಾರಿಗೂ ಬೇಕಿರಲಿಲ್ಲ, ಪೈಪಿನ ಬಾಯಲ್ಲೇ ಅದಕ್ಕೆ ಬೆಂಕಿ ಇಟ್ಟರು. ಸುತ್ತ ಮಣ್ಣಿನ ಏರಿ ಹಾಕಿದರು. ಉಳಿದವರೆಲ್ಲ ಆ ಉರಿಗೆ ಹೆದರಿ ದೂರ ಸರಿದರೆ, ಹೊಸ ಮದುವಣಗಿತ್ತಿ ಅವೆರೋ ಒದ್ದೆ ಗಾರಿಯ ತಟ್ಟೆ ಹಿಡಿದು ಹತ್ತಿರ ಹೋದಳು. ನಮ್ಮದು ಕ್ಪೊಕ್ಪೊ ಗಾರಿ. ಮರಗೆಣಸು ತುರಿದು, ಹುಳಿ ಬರಿಸಿ, ಹಿಂಡಿ, ತುಂಡು ತುಂಡಾಗಿ ಒಣಗಿಸಿದರೆ ಕಲ್ಲಿನಷ್ಟು ಗಟ್ಟಿ, ಕಡಿದರೆ ಕಟುಂ ಎನ್ನಬೇಕು. ಬೆತ್ತದ ತಟ್ಟೆಗೆ ಗಾರಿಯನ್ನು ಒತ್ತಿ ಮೆತ್ತಿ, ಕೋಲು ಕೊಟ್ಟು ಬೆಂಕಿಯ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ ಬೇರೆ ಊರಿನಲ್ಲಿ ದಿನಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಮರುದಿನಕ್ಕೆ ಮುಗಿಯುತ್ತಿತ್ತು. ಮಳೆ ಬಂದರೂ ಮುಗಿಯುತ್ತಿತ್ತು. ಅಜ್ಜಿಯಿಂದ ಊರ ಹೆಂಗಸರೆಲ್ಲ ಕಲಿತರು. ಯಾರ ತಟ್ಟೆ ಎಲ್ಲಿ ನಿಲ್ಲಬೇಕು, ಎಷ್ಟು ಓರೆಯಾಗಿರಬೇಕು ಎಲ್ಲವೂ ಅವಳ ಕೈಯಿಂದಲೇ. ನನಗೂ ಅವಳೇ ಕಲಿಸಿದ್ದು. ಸುಳ್ಳು ಹೇಳಬಾರದು, ನನ್ನ ಹೆತ್ತಮ್ಮನೂ ಅಷ್ಟು ಚೆನ್ನಾಗಿ ಏನನ್ನೂ ಕಲಿಸಿರಲಿಲ್ಲ.

ಆದರೆ ಆ ಬೆಂಕಿ ಪುಕ್ಕಟೆ ಉರಿಯುತ್ತಿರಲಿಲ್ಲ. ತಗಡಿನ ಮಾಡು ಎರಡು ಮಳೆಗಾಲಕ್ಕೇ ಜರಡಿಯಾಗುತ್ತಿತ್ತು. ಮಳೆನೀರು ಹಿಡಿದಿಟ್ಟರೆ ತಳದಲ್ಲಿ ಮಸಿ. ನನ್ನ ಮಗಳು ರುಕೆ ಉಸಿರಿಗಾಗಿ ಒದ್ದಾಡುವಾಗ ಅವಳ ಕೊರಳ ಗುಳಿ ಒಳಗೆ ಹೋಗುವುದನ್ನು ನೋಡುತ್ತ ಕೂತಿರಬೇಕಿತ್ತು. ದೇಶವೇ ನಮ್ಮ ಎಣ್ಣೆ ಮಾರಿ ಬದುಕುತ್ತದಂತೆ, ನಾವು ಮಾತ್ರ ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ನೆನೆದರೆ ಈಗಲೂ ನನಗೆ ಮೈಯುರಿಯುತ್ತದೆ.

ಸಭೆಗೆ ಬಂದ ಸರ್ಕಾರದ ಮನುಷ್ಯ ಹೇಳಿದ್ದು ಇಷ್ಟು. ಎಣ್ಣೆಯ ಕಾಲ ಇಳಿಮುಖವಾಗುತ್ತಿದೆ, ಕೊಳ್ಳುವ ದೇಶಗಳೇ ಬೇರೆ ದಾರಿ ಹಿಡಿದಿವೆ, ಇನ್ನು ಗ್ಯಾಸನ್ನು ಸುಮ್ಮನೆ ಸುಡುವ ಹಾಗಿಲ್ಲ, ಪೈಪಿನಲ್ಲಿ ಕರೆಂಟು ತಯಾರಾಗುವ ಕಡೆಗೆ ಒಯ್ಯುತ್ತೇವೆ. ಊರಿಗೆ ಬಿಸಿಲಿನಿಂದ ಓಡುವ ತುರಿಯುವ ಗಿರಣಿ ಕೊಡುತ್ತೇವೆ, ಹೆಂಗಸರಿಗೆ ಗಾರಿ ಒಣಗಿಸಲು ಗಾಜಿನ ಪೆಟ್ಟಿಗೆ ಕೊಡುತ್ತೇವೆ. ಬೇಡವೆಂದರೆ ಒಂದಿಷ್ಟು ಪರಿಹಾರ ತಗೊಂಡು ಸುಮ್ಮನಾಗಬಹುದು.

ಅಜ್ಜಿ ಎದ್ದಳು. “ಸೂರ್ಯ ನಂಬಿಕೊಂಡು ಗಾರಿ ಒಣಗ್ಸೋದಾ? ಅವನು ಮೋಡ ಬಂದ್ರೆ ರಜ, ಮಳೆ ಬಂದ್ರೆ ರಜ. ನನ್ನ ಬೆಂಕಿ ಒಂದು ದಿನ ರಜ ಹಾಕಿದ್ದು ಯಾರಾದ್ರೂ ನೋಡಿದೀರಾ?”

ಹೆಂಗಸರು ಹೋ ಎಂದು ನಕ್ಕರು. ನಾನೂ ನಗುತ್ತಿದ್ದೆನೋ ಏನೋ, ಅಷ್ಟರಲ್ಲಿ ರುಕೆ ಕೆಮ್ಮಿದಳು.

“ಆರಿಸ್ಲಿ ಬಿಡಿ,” ಅಂದೆ. ಅಂದ ಮೇಲೆಯೇ ನಾನು ಎದ್ದು ನಿಂತದ್ದು ಗೊತ್ತಾಯಿತು. “ಪರಿಹಾರ ತಿಂದು ಎಷ್ಟು ದಿನ ಬದುಕ್ತೀವಿ? ಪೆಟ್ಟಿಗೆ ಕೊಡಿ, ಗಿರಣಿ ಕೊಡಿ. ನಮ್ಮ ಕೈಗೆ ಬಿಸಿ ಸಿಕ್ಕಿದ್ರೆ ಸಾಕು, ಅದು ಎಲ್ಲಿಂದ ಬರುತ್ತೆ ಅಂತ ಗಾರಿ ಕೇಳಲ್ಲ.”

“ಬಂದಳಪ್ಪ ಮಂತ್ರಿ!” ಅಂದಳು ಅಜ್ಜಿ. “ತಟ್ಟೆ ಹಿಡಿಯೋದು ಕಲ್ಸಿದವಳು ನಾನು. ಈಗ ಇವಳು ನನ್ನ ಒಲೆಗೇ ನೀರು ಹುಯ್ತಾಳೆ.”

ಕೈ ಎತ್ತಿಸಿದರು. ಮಕ್ಕಳೊಂದಿಗರು ನನ್ನ ಕಡೆ ಬಂದರು. ಅಂದಿನಿಂದ ಅಜ್ಜಿಯ ಬಾಯಲ್ಲಿ ನನಗೆ ‘ವ್ರೆಂಡೊ’ ಇಲ್ಲ. ನಾನು ಮಾತ್ರ ದಿನಾ ಬೆಳಗ್ಗೆ ಹೋಗಿ ಮಂಡಿಯೂರಿ, ನಾನೇ ಎದ್ದು ಬರುತ್ತಿದ್ದೆ.

ಪೆಟ್ಟಿಗೆಗಳನ್ನು ತಂದವನು ವಾರಿ ಪೇಟೆಯ ಮಮುಜೊ ಎಂಬ ಎಂಜಿನಿಯರು. ಸಣಕಲು ಹುಡುಗ, ಬೂಟಿಗೆ ಕೆಸರು ತಾಗದ ಹಾಗೆ ಕೊಕ್ಕರೆ ಹೆಜ್ಜೆ ಹಾಕುತ್ತಿದ್ದ. ಗಿರಣಿಯ ಮಾಡಿನ ಮೇಲೆ ಫಲಕಗಳನ್ನು ತಾನೇ ಕೂರಿಸಿದ. ಮೊದಲ ದಿನವೇ ಗಿರಣಿ ಗರ್ರ್ ಎಂದು ತಿರುಗಿತು. ಡೀಸೆಲ್ ವಾಸನೆಯಿಲ್ಲ, ಹಗ್ಗ ಎಳೆದು ತೋಳು ಕಳಚಿಕೊಳ್ಳುವುದಿಲ್ಲ. ನನ್ನ ಗೆಳತಿ ಒಡಿರಿ ಅದರ ಮುಂದೆ ಸೊಂಟ ತಿರುಗಿಸಿ ಕುಣಿದೇ ಬಿಟ್ಟಳು. ಆಮೇಲೆ ಅವನು ಗಾರಿ ಒಣಗಿಸುವ ಬಯಲಿಗೆ ಬಂದು ಒಂದು ಪೆಟ್ಟಿಗೆ ಇಟ್ಟು ತೋರಿಸಿದ. ತಳಕ್ಕೆ ಕಪ್ಪು ತಗಡು, ಮೇಲೆ ಗಾಜು, ನಡುವೆ ತಟ್ಟೆ. ಅದನ್ನು ಅವನು ಬೆಂಕಿಗೆ ಬೆನ್ನು ಮಾಡಿ, ಹೆಚ್ಚು ಕಡಿಮೆ ಮಲಗಿಸಿಯೇ ಇಟ್ಟ. “ಉಳಿದವನ್ನೂ ಹೀಗೇ ಇಡಿ ಅಕ್ಕ,” ಅಂದು, ಮುಂದಿನ ಊರಿನ ದೋಣಿ ತಪ್ಪುತ್ತದೆಂದು ಓಡಿದ.

ಅವನು ಮರೆಯಾಗುವವರೆಗೆ ಹೇಗೋ ತಡೆದುಕೊಂಡೆವು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ಅಯ್ಯೋ, ಬೆಂಕಿಗೆ ಬೆನ್ನು ತೋರ್ಸಿ ಗಾರಿ ಒಣಗ್ಸೋನು!” ಒಡಿರಿ ಕಣ್ಣೊರೆಸಿಕೊಂಡಳು. “ಇವನ ಹೆಂಡತಿ ಪಾತ್ರೆ ಬೋರಲಾಕಿ ಸಾರು ಮಾಡ್ತಾಳೇನೋ.”

ಅಜ್ಜಿ ಪೆಟ್ಟಿಗೆ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದವಳು. ಆದರೆ ತನ್ನ ಬಯಲಿನಲ್ಲಿ ಒಂದು ವಸ್ತು ಸೊಟ್ಟಗಿದ್ದರೆ ಅವಳಿಗೆ ಅನ್ನ ಇಳಿಯದು. ಕೋಲೂರಿಕೊಂಡು ಬಂದಳು, ಯಾರ ಜೊತೆಯೂ ಮಾತಾಡದೆ ಪೆಟ್ಟಿಗೆಯನ್ನು ಗರ್ರನೆ ತಿರುಗಿಸಿದಳು, ಹಿಂದೆ ಕೋಲು ಕೊಟ್ಟು ತಟ್ಟೆಗಳಂತೆಯೇ ಎತ್ತರಿಸಿ ನಿಲ್ಲಿಸಿದಳು. ಗಾಜಿನ ಮುಖ ನೇರ ಬೆಂಕಿಗೆ. ನಾವು ಉಳಿದವನ್ನೆಲ್ಲ ಅದರ ಪಕ್ಕ ಸಾಲಾಗಿ ಹಾಗೆಯೇ ನಿಲ್ಲಿಸಿದೆವು. ಅಜ್ಜಿಗೆಂದು ಬಂದ ಪೆಟ್ಟಿಗೆಯನ್ನು ಸಾಲಿನ ತಲೆಯಲ್ಲಿ ನಿಲ್ಲಿಸಿದೆವು. ಅವಳು ಬೇಡ ಅನ್ನಲಿಲ್ಲ. ಬೆಂಕಿ ಇನ್ನೂ ಉರಿಯುತ್ತಿತ್ತಲ್ಲ, ಮೊದಲ ಗಾರಿ ಅರ್ಧ ದಿನದಲ್ಲೇ ಒಣಗಿ ಗಿಲಿಗಿಲಿ ಎಂದಿತು. ನಾನು ಬೀಗಿಹೋದೆ. ನಮ್ಮ ಗಾರಿ ಕೊಳ್ಳುವ ವಾರಿಯ ಟುಯೋ ಮೇಡಂಗೆ ಫೋನು ಮಾಡಿ, “ಬೆಂಕಿ ಹೋದ್ರೂ ಹೆದರಬೇಡಿ, ಕ್ರಿಸ್‌ಮಸ್ ಗಾರಿ ಎಕುರೆಯಿಂದಲೇ ಬರುತ್ತೆ,” ಎಂದು ಕೊಚ್ಚಿಕೊಂಡೆ.

ಬೆಂಕಿ ಆರಿದ್ದು ಒಂದು ಮಧ್ಯಾಹ್ನ. ಮೊದಲು ತಟ್ಟಿದ್ದು ಕಿವಿಗೆ. ಹುಟ್ಟಿದಾಗಿನಿಂದ ಇದ್ದ ಗುಂಯ್ ಶಬ್ದ ನಿಂತಾಗ ಮಾತಾಡುತ್ತಿದ್ದವರೆಲ್ಲ ತಾವು ಕಿರುಚುತ್ತಿದ್ದೇವೆಂದು ಗೊತ್ತಾಗಿ ನಾಚಿಕೊಂಡರು. ಸಂಜೆಗೆ ಊರಿಗೆ ಮೊದಲ ಸಲ ಕತ್ತಲಾಯಿತು. ಮಕ್ಕಳು ಅಳುತ್ತ ಒಳಗೆ ಓಡಿಬಂದರು, ಕೋಳಿಗಳು ಎಲ್ಲಿ ಮಲಗಬೇಕೆಂದು ತಿಳಿಯದೆ ಅಂಗಳದಲ್ಲೇ ತಿರುಗಿದವು. ಅಜ್ಜಿ ತನ್ನ ಜಗುಲಿಯಲ್ಲಿ ಬೆಂಕಿಯಿದ್ದ ಕಡೆಗೆ ಬೆನ್ನು ಕೊಟ್ಟು ಎಂದಿನಂತೆ ಕೂತಿದ್ದಳು. ಮೈ ಕಾಯಿಸಿಕೊಳ್ಳಲು ಅವಳು ಕೂರುತ್ತಿದ್ದದ್ದೇ ಹಾಗೆ.

ಆಮೇಲೆ ನಮ್ಮ ಹಣೆಬರಹ ಬಯಲಾಯಿತು. ಮುಂದಿನ ಗಾರಿ ಒಣಗಲೇ ಇಲ್ಲ. ಒಂದು ದಿನ ಬಿಟ್ಟೆವು, ಎರಡು ದಿನ ಬಿಟ್ಟೆವು. ಗಾಜಿನ ಒಳಗೆ ನೀರ ಹನಿ, ತಟ್ಟೆಯಲ್ಲಿ ಬೂದುಬಣ್ಣದ ಮುದ್ದೆ, ಮುಚ್ಚಳ ತೆಗೆದರೆ ಗಬ್ಬು. ಹಂದಿಗೆ ಹಾಕಿದರೆ ಹಂದಿಯೂ ಯೋಚನೆ ಮಾಡಿ ತಿಂದಿತು.

ಹೆಂಗಸರು ನನ್ನ ಬಾಗಿಲಿಗೆ ಬಂದರು. ಅಜ್ಜಿ ಮುಂದೆ.

“ನೋಡ್ರೇ, ಮಂತ್ರಿಣಿಯ ಗಾರಿ!” ಬೂಸಲು ಮುದ್ದೆಯನ್ನು ನನ್ನ ಹೊಸ್ತಿಲಲ್ಲಿ ಹಾಕಿದಳು. ನೇರ ನನ್ನ ಜೊತೆ ಮಾತಾಡುತ್ತಿರಲಿಲ್ಲ, ಒಡಿರಿಗೆ ಹೇಳಿದಳು. “ಆ ಮಂತ್ರಿಣಿಗೆ ಹೇಳು. ಹೊಳೆಯಾಚೆ ಒಟೊರೊದಲ್ಲಿ ಬೆಂಕಿ ಇನ್ನೂ ಉರೀತಿದೆ. ಸಂತೆ ಆದ ಮಾರನೇ ದಿನ ನಾವೆಲ್ಲ ತಟ್ಟೆ ಹೊತ್ಕೊಂಡು ಅಲ್ಲಿಗೆ ಹೋಗ್ತೀವಿ. ಅವರ ಕಾಲು ಹಿಡಿದಾದ್ರೂ ಜಾಗ ಕೇಳ್ತೀನಿ.”

“ಸಂತೆಗೆ ಟುಯೋ ಮೇಡಂ ಬರ್ತಾರೆ,” ಅಂದೆ. “ಅಲ್ಲಿವರೆಗಾದ್ರೂ ತಡ್ಕೊಳ್ಳಿ.”

“ಬಂದು ಏನು ತಿಂತಾರಂತೆ? ಬೂಸಲಾ?” ಹಿಂದಿನಿಂದ ಯಾರೋ ಕೂಗಿದರು.

ಒಡಿರಿ ಕೂಡ ನೆಲ ನೋಡುತ್ತಿದ್ದಳು. ಅದೇ ನನಗೆ ಹೆಚ್ಚು ಚುಚ್ಚಿದ್ದು. ಈ ಹೆಂಗಸರು ಒಮ್ಮೆ ಒಟೊರೊಗೆ ಹೋದರೆ ತಿರುಗಿ ಬರುವುದಿಲ್ಲ. ಇನ್ನೊಬ್ಬರ ಏರಿಯ ಮೇಲೆ ಕೂಲಿಯವರಂತೆ ಕೂರುತ್ತಾರೆ, ಆ ಬೆಂಕಿಯೂ ಆರಿದ ದಿನ ಇನ್ನೊಂದನ್ನು ಹುಡುಕುತ್ತಾರೆ. ನಾನು ರುಕೆಯನ್ನು ಕರೆದುಕೊಂಡು ಮತ್ತೆ ಹೊಗೆಯ ಬುಡಕ್ಕೆ ಹೋಗಬೇಕು, ಇಲ್ಲವೇ ಗಾರಿಯನ್ನೇ ಬಿಡಬೇಕು. ಅಷ್ಟಾದರೂ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊದಲ ಸಲ ಒಣಗಿದ ಪೆಟ್ಟಿಗೆ ಈಗ ಯಾಕೆ ಒಣಗಿಸುವುದಿಲ್ಲ? ಕೇಳಿಯೇ ಬಿಡೋಣವೆಂದು, ಪೆಟ್ಟಿಗೆಗೆ ಬಾಯಿ ಇದ್ದಂತೆ, ಬಯಲಿಗೆ ನಡೆದೆ.

ಹೊತ್ತು ನಡುಮಧ್ಯಾಹ್ನ. ಆ ಹೊತ್ತಿಗೆ ನಾವ್ಯಾರೂ ಬಯಲಿಗೆ ಹೋಗುವವರಲ್ಲ. ಬೆಂಕಿಯಿದ್ದಾಗ ಮಧ್ಯಾಹ್ನ ಅಲ್ಲಿ ನಿಂತರೆ ಚರ್ಮ ಸುಲಿಯುತ್ತಿತ್ತು. ಹಾಗಾಗಿ ಬೆಳಗ್ಗೆ ತಟ್ಟೆ ಇಟ್ಟು, ಸಂಜೆ ತೆಗೆಯುವುದೇ ರೂಢಿ. ಬೆಂಕಿ ಹೋಗಿ ದಿನಗಳಾಗಿದ್ದರೂ ರೂಢಿ ಹೋಗಿರಲಿಲ್ಲ. ಪೆಟ್ಟಿಗೆಗಳು ಸಾಲಾಗಿ, ಒಂದಿಂಚು ಹೆಚ್ಚು ಕಡಿಮೆಯಿಲ್ಲದೆ, ಆರಿಹೋದ ಪೈಪಿನ ಕಡೆಗೆ ಮುಖ ಮಾಡಿ ನಿಂತಿದ್ದವು. ಒಂದು ಗಾಜಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಒರಗಿಕೊಳ್ಳಲು ಹಿಂದಕ್ಕೆ ಹೋಗಿ ಬೆನ್ನಿನ ತಗಡಿಗೆ ಕೈ ಇಟ್ಟೆ.

“ಅವ್ವಾ!” ಎಂದು ಕಿರುಚಿ ಕೈ ಬಾಯಿಗಿಟ್ಟುಕೊಂಡೆ. ಅಂಗೈ ಕೆಂಪಾಗಿತ್ತು.

ಕಾಲ ಕೆಳಗೆ ಒಂದು ಕೋಳಿ ಪೆಟ್ಟಿಗೆಯ ಹಿಂದಿನ ಮಣ್ಣಿನಲ್ಲಿ ರೆಕ್ಕೆ ಹರಡಿಕೊಂಡು ಸುಖವಾಗಿ ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಮುಂದೆ ಗಾಜಿನ ಮೇಲೆ ಪೆಟ್ಟಿಗೆಯದ್ದೇ ನೆರಳು. ನಾನು ತಲೆಯೆತ್ತಿ ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ಮಧ್ಯಾಹ್ನದ ಸೂರ್ಯ ಆಕಾಶದಲ್ಲಿ ಎಲ್ಲಿರುತ್ತಾನೆ ಎಂದು ನಾನು ನೋಡಿದ್ದು ಅದೇ ಮೊದಲು. ಕ್ರಿಸ್‌ಮಸ್ ಸಮೀಪದಲ್ಲಿ ಅವನು ನಡುನೆತ್ತಿಗೂ ಬರುವುದಿಲ್ಲ, ತೆಂಕಣಕ್ಕೆ ವಾಲಿರುತ್ತಾನೆ, ಹೊಳೆಯ ಕಡೆಗೆ. ನಾವು ಪೆಟ್ಟಿಗೆಗಳನ್ನು ಅವನಿಗೆ ಬೆನ್ನು ಮಾಡಿ ಕೂರಿಸಿದ್ದೆವು. ಬೆಂಕಿ ಇದ್ದ ದಿನ ಒಣಗಿಸಿದ್ದು ಬೆಂಕಿ, ಪೆಟ್ಟಿಗೆಯಲ್ಲ.

ಮಮುಜೊಗೆ ಫೋನು ಮಾಡಿದೆ. ಅವನು ಪೂರಾ ಕೇಳಿಸಿಕೊಂಡ.

“ಎಸಿರಿ ಅಕ್ಕ, ನಾನು ಇಟ್ಟು ತೋರ್ಸಿದ್ನಲ್ಲ. ತಿರುಗಿಸಿದ್ದು ಯಾರು?”

“ಊರು,” ಅಂದೆ.

“ಸೂರ್ಯ ಇರೋ ಕಡೆ ಅಂತ ಅಷ್ಟೂ ಗೊತ್ತಾಗಲ್ವಾ?”

“ನಮ್ಮೂರಲ್ಲಿ ಅವನನ್ನ ಯಾರೂ ತಲೆಯೆತ್ತಿ ನೋಡಿದ್ದಿಲ್ಲಪ್ಪ. ನಮಗೆ ಬೇರೆ ಸೂರ್ಯ ಇದ್ದ. ಹೋಗ್ಲಿ, ಎಷ್ಟು ಮಲಗಿಸ್ಬೇಕು ಅಷ್ಟು ಹೇಳು, ಬುದ್ಧಿ ಆಮೇಲೆ ಹೇಳುವೆಯಂತೆ.”

ಹೆಂಗಸರನ್ನು ಕರೆತಂದು ಒಬ್ಬೊಬ್ಬರ ಕೈಯನ್ನೂ ಹಿಡಿದು ಮೊದಲು ಗಾಜಿನ ಮೇಲೆ, ಆಮೇಲೆ ಹಿಂದಿನ ತಗಡಿನ ಮೇಲೆ ಇಟ್ಟೆ. ಒಬ್ಬೊಬ್ಬರೂ ಕಿರುಚಿದರು. ಒಡಿರಿ ಕೈ ಕೊಡವುತ್ತ ನೆಲದ ಮೇಲೆ ಕೂತು ನಗತೊಡಗಿದಳು. “ಪಾತ್ರೆ ಬೋರಲಾಕಿ ಸಾರು ಮಾಡಿದ್ದು ನಾವೇ ಕಣೇ!” ನಕ್ಕು ನಕ್ಕು ಸುಸ್ತಾದ ಮೇಲೆ ಪೆಟ್ಟಿಗೆಗಳನ್ನು ತಿರುಗಿಸಿದೆವು, ಕೋಲು ತೆಗೆದು ಮಲಗಿಸಿದೆವು.

ಸಾಲಿನ ತಲೆಯಲ್ಲಿ ಒಂದು ಮಾತ್ರ ಹಾಗೇ ಉಳಿಯಿತು. ಅಜ್ಜಿಯದು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಬಯಲಿನ ಯಜಮಾನಿಯ ಪೆಟ್ಟಿಗೆ ಒಂದು ಕಡೆ, ಉಳಿದವೆಲ್ಲ ಇನ್ನೊಂದು ಕಡೆ ಮುಖ ಮಾಡಿ ನಿಂತರೆ ಅದಕ್ಕಿಂತ ದೊಡ್ಡ ಅಪಮಾನ ಇಲ್ಲ. ಅವಳಿಗೆ ಹೇಳದೆ ತಿರುಗಿಸಿದರೆ ಇನ್ನೂ ದೊಡ್ಡದು.

ನಾನು ಅವಳ ಜಗುಲಿಗೆ ಹೋಗಿ ಮಂಡಿಯೂರಿದೆ. “ಮಿಗ್ವೊ, ಅಜ್ಜಿ.”

‘ವ್ರೆಂಡೊ’ ಬರಲಿಲ್ಲ. ನಾನು ಏಳಲಿಲ್ಲ.

“ಪೆಟ್ಟಿಗೆ ತಿರುಗಿಸ್ಬೇಕು ಅಜ್ಜಿ. ಎಲ್ಲರೂ ತಪ್ಪಾಗಿ ಇಟ್ಟಿದ್ವಿ.”

ಸಭೆಯಾದ ಮೇಲೆ ಅಜ್ಜಿ ಮೊದಲ ಬಾರಿ ನನ್ನ ಕಡೆ ನೋಡಿದಳು. “ಎಲ್ಲರೂ ಅಂತ ಯಾಕೆ ಸುತ್ತಿ ಬಳಸ್ತೀಯ? ತಿರುಗಿಸಿದ್ದು ನಾನು. ಅವರ ಕಿರುಚಾಟ ಇಲ್ಲಿಗೇ ಕೇಳಿಸ್ತು. ನಗು ಕೂಡ.”

“ನಕ್ಕಿದ್ದು ನಮ್ಮನ್ನ ನೋಡಿ ನಾವೇ.”

“ಐವತ್ತು ವರ್ಷ ತಟ್ಟೆ ಹಿಡಿದ ಕೈ ಕಣೇ ಇದು.” ಅಂಗೈ ಚಾಚಿದಳು. ಬಿಸಿಗೆ ಗೆರೆಗಳೇ ಅಳಿಸಿಹೋದ ಅಂಗೈ. “ಇದು ಬೇರೆ ಕಡೆ ತಿರುಗಲ್ಲ.”

ಆ ಅಂಗೈಯನ್ನು ನೋಡಿದೆ. ಆದರೂ ಬಿಡಲಿಲ್ಲ. “ಎಲ್ಲರೂ ಹೆದರಿ ಓಡಿದಾಗ ಆ ಬೆಂಕಿ ಹತ್ರ ಹೋದವಳು ನೀನೊಬ್ಬಳೇ ಅಲ್ವಾ ಅಜ್ಜಿ? ಆಗ ಅದು ನಿನಗೆ ಹೊಸದಲ್ವಾ? ಅವತ್ತು ಯಾರು ಕಲಿಸಿದ್ರು ನಿನಗೆ?”

ಅವಳು ತಲೆವಸ್ತ್ರ ಬಿಚ್ಚಿ ಕೊಡವಿ ಮತ್ತೆ ಕಟ್ಟಿಕೊಂಡಳು. ಕೋಲು ಹುಡುಕಿದಳು. ಬಯಲಿನವರೆಗೂ ನನ್ನ ಮುಂದೆಯೇ ನಡೆದಳು, ಹೆಂಗಸರು ದಾರಿ ಬಿಟ್ಟರು. ತನ್ನ ಪೆಟ್ಟಿಗೆಯ ಹಿಂದೆ ನಿಂತು ತಗಡು ಮುಟ್ಟಿದಳು. ಕಿರುಚಲಿಲ್ಲ, ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು. ಆರಿದ ಪೈಪಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಎರಡೂ ಕೈ ಹಾಕಿ ಪೆಟ್ಟಿಗೆಯನ್ನು ತಿರುಗಿಸಿದಳು. ನಾವು ನೆರವಿಗೆ ಹೋದರೆ ಮೊಣಕೈಯಿಂದ ತಳ್ಳಿದಳು. ತಿರುಗಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು ನಮ್ಮ ಪೆಟ್ಟಿಗೆಗಳನ್ನು ನೋಡಿದಳು.

“ಸಾಲು ಸೊಟ್ಟ ಇದೆ,” ಅಂದಳು. ಸಂಜೆಯವರೆಗೆ ನಮ್ಮ ಬೆವರಿಳಿಸಿ ಸಾಲು ನೆಟ್ಟಗೆ ಮಾಡಿಸಿದಳು.

ಸಂತೆಯ ದಿನ ಟುಯೋ ಮೇಡಂ ದೋಣಿಯಿಂದ ಇಳಿದರು. ದೊಡ್ಡ ಮೈಯ ಹೆಂಗಸು, ಕೊಳ್ಳುವ ಮುನ್ನ ಪ್ರತಿಸಲ ತೆಂಗಿನಕಾಯಿ ಚೂರಿನ ಜೊತೆ ಗಾರಿ ಕಡಿದು ನೋಡುತ್ತಾರೆ. ನಾನು ತಟ್ಟೆ ಮುಂದಿಟ್ಟೆ. ಬೆಳ್ಳಗಿತ್ತು, ಎಂದೂ ಅಷ್ಟು ಬೆಳ್ಳಗೆ ಇದ್ದದ್ದಿಲ್ಲ. ಮೇಡಂ ಒಂದು ತುಂಡು ಬಾಯಿಗೆ ಹಾಕಿದರು. ಕಟುಂ ಎಂದಿತು. ನಾವು ಉಸಿರು ಬಿಟ್ಟೆವು. ಅವರು ಮಾತ್ರ ಹುಬ್ಬು ಗಂಟಿಕ್ಕಿ ಇನ್ನೊಂದು ತುಂಡು ಮೂಸಿದರು.

“ಇದೇನು, ಆ ವಾಸನೆನೇ ಇಲ್ವಲ್ಲ? ಎಕುರೆ ಗಾರಿ ಅಂದ್ರೆ ಹೊಗೆವಾಸನೆ ಇರ್ಬೇಕು. ಪೇಟೆಯಲ್ಲಿ ಜನ ಮೂಸಿಯೇ ಗುರುತು ಹಿಡೀತಾರೆ. ಇದು ನಿಮ್ಮೂರಿಂದು ಅಂತ ಹೇಗೆ ನಂಬ್ತಾರೆ?”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಹಿಂದಿನಿಂದ ಕೋಲಿನ ಸದ್ದು ಬಂತು.

“ಟುಯೋ,” ಅಂದಳು ಅವೆರೋ ಅಜ್ಜಿ. “ನಿಮ್ಮಮ್ಮ ನನ್ನ ಹತ್ರ ಗಾರಿ ಕೊಳ್ತಿದ್ಲು, ನೀನೂ ಕೊಳ್ತೀಯ. ಆ ವಾಸನೆ ಕಂಪನಿ ಬೆಂಕಿದು. ಇಷ್ಟು ವರ್ಷ ನೀವು ತಿಂದಿದ್ದು ಅದನ್ನ. ಎಕುರೆ ಗಾರಿ ಇವತ್ತು ಮೊದಲ್ನೇ ಸಲ ನಿನ್ನ ಬಾಯಿಗೆ ಬಿದ್ದಿದೆ. ಸರಿಯಾಗಿ ಅಗಿ, ಆಮೇಲೆ ಮಾತಾಡು.”

ಮೇಡಂ ಅಗಿದರು. ನಿಧಾನವಾಗಿ ಅಗಿದರು. ನುಂಗಿ, ಯಾರನ್ನೂ ಕೇಳದೆ ತಟ್ಟೆಗೆ ಕೈ ಹಾಕಿ ಮೂರನೆಯ ತುಂಡು ತೆಗೆದುಕೊಂಡರು. “ಇರೋದನ್ನೆಲ್ಲ ದೋಣಿಗೆ ಹಾಕ್ಸಿ,” ಅಂದರು. ಒಡಿರಿ ನನ್ನ ಬೆನ್ನಿಗೆ ಗುದ್ದಿದ ರಭಸಕ್ಕೆ ನಾನು ಮುಗ್ಗರಿಸಿದೆ. ಒಟೊರೊದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ಅಜ್ಜಿಯ ಜಗುಲಿಗೆ ಹೋದೆ. ಅವಳು ಕೂರುವ ಮಣೆ ಜಾಗ ಬದಲಿಸಿತ್ತು. ಎಳೆಬಿಸಿಲಿಗೆ ಬೆನ್ನು ಕೊಟ್ಟು ಮರಗೆಣಸು ಹೆರೆಯುತ್ತಿದ್ದಳು. ಅವಳ ಉತ್ತರದ ಆಸೆ ನಾನು ಬಿಟ್ಟು ಎಷ್ಟೋ ದಿನವಾಗಿತ್ತು. ಮಂಡಿಯೂರಿ “ಮಿಗ್ವೊ” ಅಂದೆ, ನಾನೇ ಏಳಲು ನೆಲಕ್ಕೆ ಕೈ ಊರಿದೆ.

“ವ್ರೆಂಡೊ,” ಅಂದಳು ಅಜ್ಜಿ, ಚಾಕುವಿನಿಂದ ಕಣ್ಣೆತ್ತದೆ. “ಏಳೇ ಎಸಿರಿ. ಬಿಸಿಲು ಏರ್ತಿದೆ.”

ಅಷ್ಟು ದಿನ ಯಾರೂ ಹೇಳದೆ ಎದ್ದು ಬಂದವಳು, ಅಂದು ಏಳು ಅಂದರೂ ನನಗೆ ತಟ್ಟನೆ ಏಳಲಾಗಲಿಲ್ಲ.